ಚಿಕ್ಕಿಯ ಕೈ, ನನ್ನ ರಿಪೋರ್ಟು

ರಿಪೋರ್ಟು ಬಂದಿದ್ದು ರಾತ್ರಿ ಹತ್ತೂಕಾಲಿಗೆ, ವಾಟ್ಸಾಪಿನಲ್ಲಿ. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದೆ. 14 ಪುಟದ ಪಿಡಿಎಫ್. ಸಕ್ಕರೆ ಸರಿ ಇದೆ. ಕೊಲೆಸ್ಟ್ರಾಲ್ ಸ್ವಲ್ಪ ಮೇಲೆ. ವಿಟಮಿನ್ ಡಿ ಎಂದಿನಂತೆ ಪಾತಾಳದಲ್ಲಿ. ಹನ್ನೊಂದನೇ ಪುಟದಲ್ಲಿ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಎಎನ್‌ಎ: ಪಾಸಿಟಿವ್. ಅದರ ಕೆಳಗೆ 1:80, ಸ್ಪೆಕಲ್ಡ್ ಪ್ಯಾಟರ್ನ್.

ಅದರ ಅರ್ಥ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾಯಿಲೆಯನ್ನ ರಾತ್ರಿ ಹೊತ್ತು ಮೊಬೈಲಿನಲ್ಲಿ ಹುಡುಕಬಾರದು ಅನ್ನೋದು ಮಾತ್ರ ಗೊತ್ತಿತ್ತು. ಆದರೂ ಹುಡುಕಿದೆ. ಲೂಪಸ್ ಅಂತ ಬಂತು. ಮೈಯನ್ನ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಮೈ ಮೇಲೆ ಬೀಳುವ ಕಾಯಿಲೆಯಂತೆ. ಮುಖದ ಮೇಲೆ ಚಿಟ್ಟೆಯ ರೆಕ್ಕೆ ಥರ ಕೆಂಪು, ಕಿಡ್ನಿಗೆ ತೊಂದರೆ, ಗರ್ಭಪಾತ, ಜೀವನಪೂರ್ತಿ ಮಾತ್ರೆ. ಬಚ್ಚಲಮನೆಯ ಕನ್ನಡಿ ಮುಂದೆ ನಿಂತು ಕೆನ್ನೆ ನೋಡಿಕೊಂಡೆ. ಕೆಂಪಗೇ ಕಂಡಿತು. ಆಗಷ್ಟೇ ಒಲೆ ಮುಂದಿನಿಂದ ಎದ್ದು ಬಂದವಳ ಕೆನ್ನೆ ಇನ್ಯಾವ ಬಣ್ಣ ಇರಬೇಕಿತ್ತೋ!

"ಎಂತಾ ಆತೇ?" ಅಂದರು ಇವರು, ಕಂಬಳಿಯೊಳಗಿಂದ. ಹೇಳಿದೆ.

"ಈಗ ಸುಮ್ನೆ ಮನಿಕ್ಯ. ನಾಳೆ ನೋಡನ."

ಐದು ನಿಮಿಷಕ್ಕೆ ಅವರ ಗೊರಕೆ ಶುರುವಾಯಿತು. ನಾನು ಎರಡು ಗಂಟೆಯವರೆಗೆ ಒಂದೊಂದೇ ಪುಟ ಓದುತ್ತಾ, ತಲೆ ಬಾಚುವಾಗ ಎಷ್ಟು ಕೂದಲು ಉದುರುತ್ತದೆ ಅಂತ ನೆನಪು ಮಾಡಿಕೊಳ್ಳುತ್ತಾ ಮಲಗಿದ್ದೆ.

ಈ ಪರೀಕ್ಷೆ ನನಗೆ ಹೇಗೆ ಗಂಟು ಬಿತ್ತು ಅನ್ನೋದನ್ನ ಮೊದಲು ಹೇಳಬೇಕು. ನಾನು ಶಿರಸಿಯ ಒಂದು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಕಳೆದ ವರ್ಷ ಒಂದು ಲ್ಯಾಬಿನವರು ಆಫೀಸಿಗೇ ಬಂದು ತಪಾಸಣೆ ಕ್ಯಾಂಪ್ ಮಾಡಿದರು. ಫಾರ್ಮಿನ ಕೊನೆಯಲ್ಲಿ 'ಆರ್ಥ್ರೈಟಿಸ್ ಪ್ರೊಫೈಲ್' ಅಂತ ಒಂದು ಚೌಕ. ಯೂರಿಕ್ ಆಸಿಡ್, ಆರ್‌ಎ ಫ್ಯಾಕ್ಟರ್, ಸಿಆರ್‌ಪಿ, ಎಎಸ್‌ಒ, ಎಎನ್‌ಎ. ಐದೂ ಸೇರಿ ರಿಯಾಯಿತಿ ದರ. ನನಗೆ ಯಾವ ಗಂಟುನೋವೂ ಇರಲಿಲ್ಲ. ಅಡಿಕೆ ಸೀಸನ್‌ನಲ್ಲಿ ದಿನವಿಡೀ ಟೈಪ್ ಮಾಡಿ ಮಣಿಕಟ್ಟು ಒಂದಿಷ್ಟು ಹಿಡಿದುಕೊಳ್ಳುತ್ತಿತ್ತು, ಅಷ್ಟೆ. ಪಕ್ಕದ ಟೇಬಲ್ಲಿನವಳು ಟಿಕ್ ಹಾಕಿದಳು, ನಾನೂ ಹಾಕಿದೆ. ಮದುವೆಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು ಅಂತ ನಾವೂ ಹಾಕಿಸಿಕೊಳ್ತೀವಲ್ಲ, ಹಾಗೆ.

ಅವಳಿಗೆ ಎಎನ್‌ಎ ನೆಗೆಟಿವ್, ಎಎಸ್‌ಒ ಜಾಸ್ತಿ. ಗಂಟಲಿಗೆ ಬರುವ ಒಂದು ಜಾತಿಯ ಬ್ಯಾಕ್ಟೀರಿಯಾ ಇತ್ತೀಚೆಗೆ ಬಂದು ಹೋಗಿದೆ ಅಂತ ಮಾತ್ರ ಅದು ಹೇಳುತ್ತದಂತೆ. ಅದನ್ನ ತಿಳಿಯುವ ಮೊದಲು ಅವಳೂ ಹೃದಯದ ಕಾಯಿಲೆ ಅಂತ ಒಂದು ವಾರ ಅತ್ತಿದ್ದಳು.

ಅದೇ ಹೊತ್ತಿಗೆ ನಮ್ಮ ಚಿಕ್ಕಿಯ ಮನೆಯಲ್ಲಿ ಬೇರೆ ಕಥೆ ನಡೀತಾ ಇತ್ತು. ಆಯಿಯ ಕಡೇ ತಂಗಿ ಅವಳು. ಸಿದ್ದಾಪುರ ಕಡೆಯ ಹಳ್ಳಿ. ಒಂದೂವರೆ ಎಕರೆ ತೋಟ, ಎರಡು ಆಕಳು. ವಯಸ್ಸು 52. ಒಂದು ಮಳೆಗಾಲದಲ್ಲಿ ಊರಿಗೆಲ್ಲ ಜ್ವರ ಬಂದಿತ್ತು, ಅವಳಿಗೂ ಬಂತು. ಜ್ವರ ಹೋಯಿತು, ಕೈನೋವು ಉಳಿಯಿತು. ಚಿಕುನ್‌ಗುನ್ಯಾ ಆದವರಿಗೆ ತಿಂಗಳುಗಟ್ಟಲೆ ಗಂಟುನೋವು ಇರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 2006ರಲ್ಲಿ ಆ ಜ್ವರ ರಾಜ್ಯವನ್ನೇ ಮಲಗಿಸಿತ್ತಲ್ಲ, ಆಗ ಗೋಡೆ ಹಿಡಿದು ನಡೆದವರನ್ನ ನಾವೇ ನೋಡಿದ್ದೇವೆ. ಇದೂ ಅದೇ ಅಂದುಕೊಂಡರು. ತಿಂಗಳು ಹೋಯಿತು, ವರ್ಷವೂ ಹೋಯಿತು.

ನಾನು ಒಂದು ಶನಿವಾರ ಅಲ್ಲಿ ಉಳಿದಿದ್ದೆ. ಬೆಳಗಿನ ಐದೂವರೆಗೆ ಎಚ್ಚರವಾಯಿತು. ಚಿಕ್ಕಿ ಬಚ್ಚಲ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿಟ್ಟುಕೊಂಡಿದ್ದಳು. ಸುಮ್ಮನೆ ಕೂತಿದ್ದಳು. ಒಲೆಯ ಬೆಂಕಿ ಬಿಟ್ಟರೆ ಬೇರೆ ಬೆಳಕಿಲ್ಲ.

"ಕೈ ಕೇಳ್ತಿಲ್ಲೆ ಕೂಸೆ. ಸ್ವಲ್ಪ ಹೊತ್ತು ಹಿಂಗೆ ಇಟ್ಟರೆ ಬಿಡ್ತು."

ಆಮೇಲೆ ಕೊಟ್ಟಿಗೆಗೆ ಹೋದಳು. ನಾನೂ ಹಿಂದೆ ಹೋದೆ. ಆಕಳ ಪಕ್ಕ ಕೂತು ಮೊಲೆ ಹಿಡಿದಳು. ಹಾಲು ಕರೆಯೋದು ಅಂದರೆ ಬೆರಳುಗಳು ಮೇಲಿನಿಂದ ಕೆಳಗೆ ಒಂದರ ಹಿಂದೆ ಒಂದು ಮಡಚುತ್ತಾ ಬರಬೇಕು. ಅವಳ ತೋರುಬೆರಳು, ನಡುಬೆರಳು ಅರ್ಧಕ್ಕೇ ನಿಂತವು. ಕಿರುಬೆರಳು ಮಾತ್ರ ಕೆಲಸ ಮಾಡುತ್ತಿತ್ತು. ತಂಬಿಗೆಗೆ ಜೊಂಯ್ ಅಂತ ಬೀಳಬೇಕಾದ ಧಾರೆ ತೊಟ್ಟು ತೊಟ್ಟಾಗಿ ಬಿತ್ತು. ಆಕಳಿಗೂ ಅದು ತಿಳಿಯಿತು, ಕಾಲು ಬದಲಿಸಿತು. ಚಿಕ್ಕಿ ಏನೂ ಹೇಳದೆ ಎದ್ದು ಚಿಕ್ಕಪ್ಪನನ್ನ ಕರೆದಳು. ಅವಳು ಮುಷ್ಟಿ ಕಟ್ಟಲು ನೋಡಿದಾಗ ಗಮನಿಸಿದೆ. ನಮ್ಮೆಲ್ಲರ ಮುಷ್ಟಿಯಲ್ಲಿ ಗೆಣ್ಣು ಗೆಣ್ಣಿನ ನಡುವೆ ಒಂದು ತಗ್ಗು ಕಾಣುತ್ತದೆ. ಅವಳದರಲ್ಲಿ ಆ ತಗ್ಗು ತುಂಬಿಕೊಂಡು ನುಣ್ಣಗಾಗಿತ್ತು. ಎಂಟು ಗಂಟೆಗೆ ದೋಸೆ ಎರೆಯುವಾಗ ಕೈ ಸುಮಾರು ಸರಿ ಇತ್ತು. ಹಾಗಾಗಿ ಡಾಕ್ಟರ ಹತ್ತಿರ ಹೋದಾಗಲೆಲ್ಲ, ಮಧ್ಯಾಹ್ನ ಹನ್ನೆರಡಕ್ಕೆ, ಅವಳ ಕೈ ಒಳ್ಳೆ ಕೈಯೇ.

"ರಕ್ತ ಟೆಸ್ಟ್ ಮಾಡ್ಸಿದ್ಯಲೇ ಚಿಕ್ಕಿ?"

"ಮಾಡ್ಸಿದ್ದಿ. ವಾತ ಎಂತದೂ ಇಲ್ಲೆ ಹೇಳಿ ಡಾಕ್ಟ್ರು ಹೇಳಿದ್ದ."

ಸಂಧಿವಾತ, ಅಂದರೆ ರೂಮಟಾಯ್ಡ್ ಆರ್ಥ್ರೈಟಿಸ್, ಇದೆಯಾ ಅಂತ ನೋಡುವ ಆರ್‌ಎ ಫ್ಯಾಕ್ಟರ್ ನೆಗೆಟಿವ್. ಆ ಚೀಟಿಯನ್ನ ಅವಳು ದೇವರ ಮಾಡಿನಲ್ಲಿ, ಕುಂಕುಮದ ಕರಡಿಗೆಯ ಕೆಳಗೆ ಇಟ್ಟಿದ್ದಳು. ನೋವಿನ ಮಾತ್ರೆ, ತೈಲ, ಕಷಾಯ, ಮತ್ತೆ ನೋವಿನ ಮಾತ್ರೆ.

ನೋಡಿ, ಒಂದೇ ಮನೆತನ. ಚಿಕ್ಕಿಯ ಕೈ ಕೂಗುತ್ತಿತ್ತು, ಕಾಗದ ಸುಮ್ಮನಿತ್ತು. ನನ್ನ ಕಾಗದ ಕೂಗುತ್ತಿತ್ತು, ಕೈ ಸುಮ್ಮನಿತ್ತು. ಇಬ್ಬರಲ್ಲಿ ಸ್ಪೆಷಲಿಸ್ಟ್ ಹತ್ತಿರ ಓಡಿದ್ದು ಯಾರು? ನಾನು. ಈಗ ಬರೆಯುವಾಗ ನಾಚಿಕೆ ಆಗುತ್ತದೆ.

ಓಡಿದ್ದು ಅಂದರೆ ಹುಬ್ಬಳ್ಳಿಗೆ. ನಮ್ಮ ಜಿಲ್ಲೆಯಲ್ಲಿ ದೊಡ್ಡದೇನಾದರೂ ಆದರೆ ಹೊರಗೇ ಹೋಗಬೇಕು. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ ನಿಜ. ಆದರೂ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಜನ ಕೂಗಿ ಕೂಗಿ ಗಂಟಲು ಒಣಗಿದೆ. ಗಂಟು ವಾತದ ಕಾಯಿಲೆಗಳನ್ನೇ ನೋಡುವ ಡಾಕ್ಟರು, ರೂಮಟಾಲಜಿಸ್ಟ್, ಅನ್ನುವ ಜಾತಿ ಒಂದಿದೆ ಅಂತಲೇ ನನಗೆ ಆ ರಾತ್ರಿಯವರೆಗೆ ಗೊತ್ತಿರಲಿಲ್ಲ.

ಡಾಕ್ಟರಿಗೆ ಫೈಲು ಕೊಟ್ಟೆ. ಅವರು ರಿಪೋರ್ಟು ತೆಗೆದು, ಓದದೆ, ಮೇಜಿನ ಮೇಲೆ ಬೋರಲು ಹಾಕಿದರು. "ಇದು ಇರಲಿ. ನಿಮಗೇನು ತೊಂದರೆ ಅದನ್ನ ಹೇಳಿ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ತೊಂದರೆ ಅಂದರೆ ಆ ಬೋರಲು ಹಾಕಿದ ಕಾಗದವೇ.

ಆಮೇಲೆ ಅವರೇ ಕೇಳುತ್ತಾ ಹೋದರು. ಬಿಸಿಲಿಗೆ ಹೋದರೆ ಮುಖ, ತೋಳು ಕೆಂಪಾಗಿ ದದ್ದು ಏಳುತ್ತದಾ? ಬಾಯಲ್ಲಿ ಹುಣ್ಣು? ಕೂದಲು ಹಿಡಿ ಹಿಡಿಯಾಗಿ ಉದುರುತ್ತದಾ? ಚಳಿಯಲ್ಲಿ ತಣ್ಣೀರು ಮುಟ್ಟಿದರೆ ಬೆರಳ ತುದಿ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕೆಂಪಾಗುತ್ತದಾ? ಅನ್ನ ನುಂಗೋಕೆ ನೀರು ಬೇಕಾಗುವಷ್ಟು ಬಾಯಿ ಒಣಗುತ್ತದಾ? ಮೂತ್ರದಲ್ಲಿ ನೊರೆ? ಮೆಟ್ಟಿಲು ಹತ್ತಿದರೆ ಉಸಿರು? ಬಸುರಿ ನಿಲ್ಲದೆ ಹೋದದ್ದು ಉಂಟಾ? ಬೆಳಿಗ್ಗೆ ಎದ್ದಾಗ ಕೈ ಎಷ್ಟು ಹೊತ್ತು ಬಿಗಿ ಇರುತ್ತದೆ? ಉಗುರಿನ ಬುಡವನ್ನ ಲೆನ್ಸ್ ಹಿಡಿದು ನೋಡಿದರು. ಬಿಪಿ ನೋಡಿದರು. ಯಾವುದಕ್ಕೂ ನನ್ನ ಹತ್ತಿರ ಹೌದು ಅನ್ನುವ ಉತ್ತರ ಇರಲಿಲ್ಲ. ಪರೀಕ್ಷೆಯಲ್ಲಿ ಒಂದಾದರೂ ಉತ್ತರ ಬರಲಿ ಅನ್ನುವ ಹುಡುಗಿಯ ಥರ, ಕೂದಲಿನ ಬಗ್ಗೆ ಮಾತ್ರ ಸ್ವಲ್ಪ ಎಳೆದೆ. ಅವರು ನಕ್ಕರು.

"ಥೈರಾಯ್ಡ್ ಮಾತ್ರೆ ತಗೋತೀರಾ?"

ಆರು ವರ್ಷದಿಂದ ತಗೋತೀನಿ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂದುಕೊಂಡೆ. ಸಂಬಂಧ ಇದೆಯಂತೆ. ಥೈರಾಯ್ಡ್ ಸೋಲುವುದು ಬಹಳ ಜನರಲ್ಲಿ ಮೈಯ ರಕ್ಷಣಾ ವ್ಯವಸ್ಥೆ ಅದರ ಮೇಲೇ ತಿರುಗಿ ಬೀಳೋದರಿಂದ. ಅಂಥವರಲ್ಲಿ ಎಎನ್‌ಎ ಪಾಸಿಟಿವ್ ಬರುವುದು ಹೆಚ್ಚು. ಹೆಂಗಸರಲ್ಲಿ ಹೆಚ್ಚು. ವಯಸ್ಸಾದವರಲ್ಲಿ ಹೆಚ್ಚು. ಲೂಪಸ್ ಇದ್ದವರ ಅಕ್ಕತಂಗಿಯರಲ್ಲಿ, ಕೆಲವು ಸೋಂಕು ಬಂದವರಲ್ಲಿ, ಟಿಬಿಗೆ ಕೊಡುವ ಐಸೋನಿಯಜಿಡ್‌ನಂಥ ಕೆಲವು ಮಾತ್ರೆ ತಿನ್ನುವವರಲ್ಲೂ ಬರಬಹುದು. ಏನೂ ಇಲ್ಲದವರಲ್ಲೂ ಬರುತ್ತದೆ.

ಮೂತ್ರ ಪರೀಕ್ಷೆ, ರಕ್ತದ ಕಣಗಳ ಎಣಿಕೆ, ಕ್ರಿಯಾಟಿನಿನ್, ಇಷ್ಟು ಮಾಡಿಸಿದರು. ಎಲ್ಲ ಸರಿ ಇತ್ತು. ಎಎನ್‌ಎ ಮತ್ತೆ ಮಾಡಿಸಬೇಡಿ ಅಂದರು. ಆ 'ಬೇಡಿ' ನನಗೆ ಅರ್ಥವೇ ಆಗಲಿಲ್ಲ. ಪಾಸಿಟಿವ್ ಬಂದಿದೆ ಅಂದಮೇಲೆ ನೆಗೆಟಿವ್ ಆಗುವವರೆಗೆ ಮಾಡಿಸ್ತಾ ಇರಬೇಕು ಅಲ್ವಾ? ಕೊರೊನಾ ನಮಗೆ ಕಲಿಸಿದ್ದು ಅದನ್ನೇ ತಾನೇ.

ಈ ಎಎನ್‌ಎ, ಅಂದರೆ ಆಂಟಿ ನ್ಯೂಕ್ಲಿಯರ್ ಆಂಟಿಬಾಡಿ, ಅನ್ನೋದು ಏನು ಅಂತ ನನಗೆ ನಿಜವಾಗಿ ತಿಳಿದದ್ದು ಅದೇ ಮಧ್ಯಾಹ್ನ. ನಮ್ಮ ಪರಿಚಯದ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಬಸ್ಸಿಗೆ ಇನ್ನೂ ಹೊತ್ತಿತ್ತು, ಅವನ ಹತ್ತಿರ ಹೋದೆ. "ಬನ್ನಿ ಅಕ್ಕಾ, ತೋರಿಸ್ತೀನಿ" ಅಂದ.

ಒಂದು ಗಾಜಿನ ಸ್ಲೈಡು. ಅದರ ಮೇಲೆ ಗುಂಡಗೆ ಪುಟ್ಟ ಪುಟ್ಟ ಮನೆಗಳು. ಪ್ರತಿ ಮನೆಯಲ್ಲೂ ಮನುಷ್ಯರ ಜೀವಕೋಶಗಳ ಒಂದು ತೆಳು ಪದರ ಅಂಟಿಸಿಟ್ಟಿರುತ್ತಾರೆ. ನಮ್ಮ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನ, ಸೀರಮ್ಮನ್ನ, ತೆಳು ಮಾಡಿ ಒಂದು ಹನಿ ಬಿಡುತ್ತಾರೆ. ಅರ್ಧ ತಾಸು ಬಿಟ್ಟು ತೊಳೆಯುತ್ತಾರೆ. ಆ ಕೋಶಗಳ ಒಳಗಿನ ಬೀಜಕ್ಕೆ, ನ್ಯೂಕ್ಲಿಯಸ್ಸಿಗೆ, ಅಂಟಿಕೊಳ್ಳುವ ಪ್ರತಿಕಾಯ (ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನ್) ನಮ್ಮ ರಕ್ತದಲ್ಲಿದ್ದರೆ, ತೊಳೆದರೂ ಅದು ಬಿಡೋದಿಲ್ಲ. ಅದರ ಮೇಲೆ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಮತ್ತೆ ತೊಳೆದು, ಕತ್ತಲ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ನಾನೂ ಕಣ್ಣಿಟ್ಟು ನೋಡಿದೆ. ಮಳೆ ಶುರುವಾಗುವ ಮುಂಚೆ ನಮ್ಮ ಬೆಟ್ಟದ ಮರಗಳಲ್ಲಿ ಮಿಂಚುಹುಳ ಕೂರುತ್ತವಲ್ಲ, ಆ ಹಸಿರು. ಒಂದರಲ್ಲಿ ಬೀಜಪೂರ್ತಿ ಹುಣ್ಣಿಮೆ ಚಂದ್ರನ ಹಾಗೆ ತುಂಬಿ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಸಣ್ಣ ರವೆ ಉದುರಿಸಿದ ಹಾಗೆ. "ನಿಮ್ಮದು ಈ ಥರದ್ದು, ಸ್ಪೆಕಲ್ಡ್" ಅಂದ. ಮತ್ತೊಂದರಲ್ಲಿ ಸಾಸಿವೆ ಎಣಿಸಿ ಇಟ್ಟಂತೆ ಬಿಡಿ ಬಿಡಿ ಚುಕ್ಕಿ. ಅದು ಸೆಂಟ್ರೋಮಿಯರ್ ಪ್ಯಾಟರ್ನ್. ಚರ್ಮ ಗಟ್ಟಿಯಾಗುವ ಸ್ಕ್ಲಿರೋಡರ್ಮಾದ ಒಂದು ಬಗೆಯಲ್ಲಿ ಹೆಚ್ಚಾಗಿ ಕಾಣುತ್ತದೆ. ಹೆದರಿಕೆ ಒಂದು ಕಡೆ ಇರಲಿ, ನೋಡೋಕೆ ಮಾತ್ರ ಬಹಳ ಚಂದ.

ಈ ಕೋಶಗಳಿಗೆ ಹೆಪ್-2 ಅಂತ ಹೆಸರು. ಗಂಟಲಿನ ಕ್ಯಾನ್ಸರಿನಿಂದ ತೆಗೆದದ್ದು ಅಂತ ಮೊದಲು ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಅದರೊಳಗೆ ಹೀಲಾ ಕೋಶ ಬೆರೆತು, ಪೂರ್ತಿ ಅದೇ ಆಗಿಬಿಟ್ಟಿತ್ತು. ಹೀಲಾ ಅಂದರೆ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಅಮೆರಿಕದ ಬಡ ಕಪ್ಪು ಹೆಂಗಸಿನ ಗರ್ಭಕೊರಳಿನ ಗಡ್ಡೆಯಿಂದ, ಅವರನ್ನ ಕೇಳದೆಯೇ ತೆಗೆದ ಕೋಶ. ಅವರು ತೀರಿಕೊಂಡಿದ್ದು 1951ರಲ್ಲಿ. ಶಿರಸಿಯ ಅಡಿಕೆ ಸೊಸೈಟಿಯ ಲೆಕ್ಕದವಳ ರಕ್ತಕ್ಕೆ ಅವರ ಕೋಶವೇ ಸಾಕ್ಷಿ ಹೇಳಬೇಕಾಯಿತು ನೋಡಿ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ರೋಗಕ್ಕಿಂತ ಇದೇ ತಲೆಯಲ್ಲಿ ಸುತ್ತುತ್ತಿತ್ತು.

1:80 ಅಂದರೇನು ಅಂತಲೂ ಆ ಹುಡುಗನನ್ನ ಕೇಳಿದೆ. ಅವನು ಲ್ಯಾಬ್ ಭಾಷೆಯಲ್ಲಿ ಏನೇನೋ ಹೇಳಿದ. ನನಗೆ ಅರ್ಥವಾದದ್ದು ಅಪ್ಪೆಹುಳಿಯ ಲೆಕ್ಕದಲ್ಲಿ. ಊಟದ ಹೊತ್ತಿಗೆ ನೆಂಟರು ಜಾಸ್ತಿ ಬಂದರೆ ನಾವು ಅಪ್ಪೆಹುಳಿಗೆ ನೀರು ಬೆರೆಸುತ್ತೇವೆ. ಇನ್ನೂ ನಾಲ್ವರು ಬಂದರೆ ಮತ್ತೆ ಬೆರೆಸುತ್ತೇವೆ. ಎಷ್ಟು ಬೆರೆಸಿದರೂ ಹುಳಿ ನಾಲಿಗೆಗೆ ತಿಳಿಯುತ್ತಿದ್ದರೆ ಆ ಮಾವಿನಕಾಯಿ ಭಾರಿ ಹುಳಿ ಅಂತ ಅರ್ಥ. ಸೀರಮ್ಮನ್ನೂ ಹಾಗೇ 40 ಪಾಲಿಗೆ, 80ಕ್ಕೆ, 160ಕ್ಕೆ, 320ಕ್ಕೆ ತೆಳು ಮಾಡುತ್ತಾ ಹೋಗುತ್ತಾರೆ. ಎಲ್ಲಿಯವರೆಗೆ ಹಸಿರು ಕಾಣುತ್ತದೋ ಅಲ್ಲಿಗೆ ಅಂಕಿ ಬರೆಯುತ್ತಾರೆ. 1:1280ರಲ್ಲೂ ಹೊಳೆಯುವ ರಕ್ತ ಇರುತ್ತದೆ. ನನ್ನದು 80 ದಾಟಿದರೆ ಸಪ್ಪೆ. ನೋಡುವ ಕಣ್ಣು ಬದಲಾದರೆ ಒಂದು ಮೆಟ್ಟಿಲು ಹೆಚ್ಚುಕಡಿಮೆ ಆಗುವುದೂ ಮಾಮೂಲಂತೆ.

ಡಾಕ್ಟರು ಹೇಳಿದ ಒಂದು ಲೆಕ್ಕ ಮಾತ್ರ ನಾನು ಮನೆಗೆ ಬಂದು ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿ ನೋಡಿದೆ. ಲೆಕ್ಕದವಳಲ್ವಾ. 1997ರಲ್ಲಿ ಎಂಗ್ ಟಾನ್ ಅನ್ನುವ ವಿಜ್ಞಾನಿ ಮತ್ತು ಜೊತೆಯವರು ಬೇರೆ ಬೇರೆ ದೇಶದ 15 ಲ್ಯಾಬುಗಳಲ್ಲಿ ಆರೋಗ್ಯವಂತರ ರಕ್ತವನ್ನ ಹೀಗೆ ನೋಡಿದ್ದರು. 1:40ರಲ್ಲಿ ನೂರಕ್ಕೆ 31.7 ಜನ ಪಾಸಿಟಿವ್. 1:80ರಲ್ಲಿ 13.3. 1:160ರಲ್ಲಿ 5. 1:320ರಲ್ಲಿಯೂ 3.3. ಇವರೆಲ್ಲ ಚೆನ್ನಾಗಿ ಉಂಡು ತಿಂದು ಓಡಾಡಿಕೊಂಡಿದ್ದವರು.

ನಮ್ಮ ಶಿರಸಿ ಪೇಟೆಯಲ್ಲಿ 60 ಸಾವಿರ ಜನ ಅಂತಿಟ್ಟುಕೊಳ್ಳಿ. ಎಲ್ಲರನ್ನೂ ಮಾರಿಗುಡಿ ಮುಂದೆ ಸಾಲು ನಿಲ್ಲಿಸಿ ಎಎನ್‌ಎ ಮಾಡಿಸಿದರೆ, 1:80ರ ಲೆಕ್ಕದಲ್ಲಿ ಸುಮಾರು 8 ಸಾವಿರ ಜನರಿಗೆ ದಪ್ಪ ಅಕ್ಷರದ ಪಿಡಿಎಫ್ ಬರುತ್ತದೆ. ಲೂಪಸ್ ಇರುವವರನ್ನ ಧಾರಾಳವಾಗಿ ಲಕ್ಷಕ್ಕೆ 50 ಅಂತ ಹಿಡಿದರೂ, ಊರಿಗೆಲ್ಲ 30 ಜನ. 8 ಸಾವಿರ ಮನೆಯಲ್ಲಿ ಆ ರಾತ್ರಿ ದೀಪ ಆರುವುದಿಲ್ಲ. ಆ 30 ಜನ ಯಾರು ಅಂತ ಕಾಗದ ನೋಡಿ ಹೇಳೋಕೂ ಆಗೋದಿಲ್ಲ. ಚೀಲದಲ್ಲಿ ಒಂದು ಕೋಕಾ, ಅಂದರೆ ಕಳಪೆ ದರ್ಜೆಯ, ಅಡಿಕೆ ಕಂಡಿತು ಅಂತ ಇಡೀ ಲಾಟನ್ನ ಕೋಕಾ ಅಂತ ಬರೆದುಬಿಟ್ಟರೆ ನಮ್ಮ ಸೊಸೈಟಿಯ ಅಂಗಳದಲ್ಲಿ ಹೊಡೆದಾಟ ಆಗುತ್ತದೆ. ರಕ್ತದ ವಿಷಯದಲ್ಲಿ ಮಾತ್ರ ನಾವು ಸುಮ್ಮನೆ ಒಪ್ಪಿಕೊಂಡು ಅಳುತ್ತೇವೆ.

ಹಾಗಂತ ಇದು ಕೆಟ್ಟ ಪರೀಕ್ಷೆ ಏನಲ್ಲ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ, ನೂರಕ್ಕೆ 98 ಜನರಿಗೆ, ಇದು ಪಾಸಿಟಿವ್ ಬರುತ್ತದೆ. ಮುಖದಲ್ಲಿ ದದ್ದು, ಗಂಟು ಬಾವು, ಮೂತ್ರದಲ್ಲಿ ಪ್ರೋಟೀನ್ ಇದ್ದು ಡಾಕ್ಟರಿಗೆ ಅನುಮಾನ ಬಂದಾಗ ಎಎನ್‌ಎ ನೆಗೆಟಿವ್ ಬಂದರೆ, ಬೇರೆ ಕಡೆ ಹುಡುಕಬಹುದು. ಲೂಪಸ್ ಅಂತ ಹೆಸರಿಡಲು 2019ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಮಾಡಿದ ನಿಯಮದಲ್ಲೂ 1:80 ಅನ್ನೋದು ಹೊಸ್ತಿಲು. ಅದನ್ನ ದಾಟಿದರೆ ಒಳಗೆ ಬರಬಹುದು, ಆಮೇಲೆ ಉಳಿದ ಲಕ್ಷಣಗಳಿಗೆ ಅಂಕ ಕೊಡುತ್ತಾ ಹೋಗಬೇಕು. ನಾನು ಹೊಸ್ತಿಲ ಮೇಲೆ ನಿಂತು ಮನೆಯೇ ಮುರಿದುಬಿತ್ತು ಅಂತ ಕೂಗುತ್ತಿದ್ದೆ.

ಮಂಗನ ಕಾಯಿಲೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತು! ಸಿದ್ದಾಪುರದ ಕಡೆ ಉಣುಗಿನ ಕಾಲದಲ್ಲಿ ಯಾರಿಗಾದರೂ ಜ್ವರ ಬಂತು ಅನ್ನಿ. ಬೆಟ್ಟಕ್ಕೆ ಸೊಪ್ಪಿಗೆ ಹೋಗಿದ್ದೆಯಾ, ದರಕಿಗೆ ಹೋಗಿದ್ದೆಯಾ, ಮಂಗ ಸತ್ತದ್ದು ಕಂಡೆಯಾ ಅಂತ ಕೇಳಿ, ಆಮೇಲೆ ರಕ್ತ ತೆಗೆಯುತ್ತಾರೆ. ಪ್ರಶ್ನೆ ಮೊದಲು, ಸೂಜಿ ಆಮೇಲೆ. ಕಾಕತಾಳೀಯ ನೋಡಿ, ಸೊರಬದ ಕ್ಯಾಸನೂರು ಕಾಡಿನಲ್ಲಿ ಆ ವೈರಸ್ ಸಿಕ್ಕಿದ್ದು 1957ರಲ್ಲಿ. ಕತ್ತಲಲ್ಲಿ ಹೊಳೆಸಿ ನೋಡುವ ಎಎನ್‌ಎ ವಿಧಾನವನ್ನ ವಿಜ್ಞಾನಿಗಳು ಮೊದಲು ಬರೆದದ್ದೂ ಅದೇ ವರ್ಷ.

ಒಂದು ಪ್ರಶ್ನೆ ಮಾತ್ರ ನನ್ನನ್ನ ಬಹಳ ಕಾಡಿತು. ಅಮೆರಿಕದ ಸೈನ್ಯದವರು ತಮ್ಮ ಸಿಬ್ಬಂದಿಯ ಸೀರಮ್ಮನ್ನ ವರ್ಷಗಟ್ಟಲೆ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಅವರಲ್ಲಿ ಲೂಪಸ್ ಆದ 130 ಜನರ ಹಳೇ ಸೀರಮ್ ತೆಗೆದು ನೋಡಿ 2003ರಲ್ಲಿ ಒಂದು ವರದಿ ಬರೆದರು. 115 ಜನರ ರಕ್ತದಲ್ಲಿ ಕಾಯಿಲೆಗೆ ಹೆಸರಿಡುವ ಮುಂಚೆಯೇ ಪ್ರತಿಕಾಯಗಳಿದ್ದವು. ಕೆಲವರಲ್ಲಿ ಒಂಬತ್ತು ವರ್ಷಕ್ಕೂ ಮುಂಚೆ. ಇದನ್ನ ಓದಿದ ದಿನ ಮತ್ತೆ ನಿದ್ದೆ ಹೋಯಿತು. ಹಾಗಾದರೆ ನನ್ನದೂ ಬರಲಿರುವ ಗುಡುಗಿಗೆ ಮುಂಚಿನ ಮಿಂಚಾ?

ಮುಂದಿನ ಸಲ ಹೋದಾಗ ಡಾಕ್ಟರನ್ನ ಕೇಳಿದೆ. ಅವರು ಹೇಳಿದ್ದು ಇಷ್ಟು: "ಅವರು ಲೂಪಸ್ ಬಂದವರಿಂದ ಹಿಂದಕ್ಕೆ ನೋಡಿದ್ದಾರೆ. ನೀವು ಪಾಸಿಟಿವ್ ಬಂದವರಿಂದ ಮುಂದಕ್ಕೆ ನೋಡ್ತಾ ಇದ್ದೀರಿ. ಎರಡೂ ಒಂದೇ ದಾರಿ ಅಲ್ಲ. ಮಳೆ ಬಂದ ದಿನವೆಲ್ಲ ಬೆಳಿಗ್ಗೆ ಮೋಡ ಇತ್ತು ನಿಜ. ಮೋಡ ಇದ್ದ ದಿನವೆಲ್ಲ ಮಳೆ ಬಂತಾ?" ಶಿರಸಿಯವಳಿಗೆ ಮೋಡದ ಉದಾಹರಣೆ ಕೊಡಬಾರದಿತ್ತು, ನಮ್ಮಲ್ಲಿ ಮೋಡ ಇದ್ದರೆ ಮಳೆ ಬಂದೇ ಬರುತ್ತದೆ. ಆದರೂ ಮಾತು ತಲೆಗೆ ಹೋಯಿತು.

ಎಎನ್‌ಎ ಪ್ರೊಫೈಲ್ ಅಂತ ಇನ್ನೂ ದುಬಾರಿ ಪರೀಕ್ಷೆ ಒಂದಿದೆ, ಅದನ್ನಾದರೂ ಬರೆದುಕೊಡಿ ಅಂದೆ. ಒಂದು ಪಟ್ಟಿಯ ಮೇಲೆ ಬೇರೆ ಬೇರೆ ಪ್ರತಿಕಾಯಗಳನ್ನ ಒಂದೊಂದೇ ಹುಡುಕುವುದು. ಎಸ್‌ಎಂ, ರೋ, ಲಾ, ಎಸ್‌ಸಿಎಲ್-70, ಜೋ-1. ಎಸ್‌ಎಂ ಅನ್ನೋದು ಸ್ಮಿತ್ ಅನ್ನುವ ರೋಗಿಯ ಹೆಸರಿನಿಂದ ಬಂದದ್ದು. ರೋ, ಲಾ, ಜೋ ಕೂಡ ರೋಗಿಗಳ ಹೆಸರಿನ ತುಂಡುಗಳೇ. ಡಾಕ್ಟರು ಬರೆಯಲಿಲ್ಲ. ಲಕ್ಷಣವೂ ಇಲ್ಲದೆ, ಅನುಮಾನವೂ ಇಲ್ಲದೆ ಇದನ್ನ ಮಾಡಿಸಬೇಡಿ ಅಂತ ಅಮೆರಿಕದ ರೂಮಟಾಲಜಿ ಸಂಘವೇ 2013ರಲ್ಲಿ ತನ್ನ ಡಾಕ್ಟರುಗಳಿಗೆ ಹೇಳಿದೆಯಂತೆ. ಬೇಕಾದವರಿಗೆ ಅದೇ ಪರೀಕ್ಷೆ ಬಲು ಮುಖ್ಯ. ಲೂಪಸ್ ಇರುವ ಹೆಂಗಸು ಬಸುರಿ ಆಗಬೇಕು ಅಂದಾಗ ರೋ ಪ್ರತಿಕಾಯ ಇದೆಯಾ ಅಂತ ತಿಳಿದಿರಲೇಬೇಕು. ಅದು ಮಾಸು (ಪ್ಲಾಸೆಂಟಾ) ದಾಟಿ ಹೋಗಿ ನೂರರಲ್ಲಿ ಒಂದೆರಡು ಮಗುವಿನ ಎದೆಬಡಿತವನ್ನ ಹೊಟ್ಟೆಯಲ್ಲೇ ನಿಧಾನ ಮಾಡಿಬಿಡುತ್ತದೆ. ನನಗೆ ಆ ಪ್ರಶ್ನೆಯೇ ಇರಲಿಲ್ಲ.

ಚಿಕ್ಕಿಯ ವಿಷಯ ಬಂದದ್ದು ಮೊದಲನೇ ಭೇಟಿಯಲ್ಲೇ, ಏಳುವ ಹೊತ್ತಿಗೆ. ಬೆಳಗಿನ ಬಿಗಿತದ ಪ್ರಶ್ನೆ ಕೇಳಿದಾಗಿನಿಂದ ನನ್ನ ಕಣ್ಣ ಮುಂದೆ ಆ ಬಕೆಟ್ಟು ಇತ್ತು. "ನನಗಲ್ಲ ಸರ್, ನಮ್ಮ ಚಿಕ್ಕಿಗೆ" ಅಂತ ಶುರು ಮಾಡಿದೆ. ಆಕಳ ವಿಷಯ ಹೇಳಿದೆ. ನನ್ನ ಮುಷ್ಟಿ ಕಟ್ಟಿ, ಗೆಣ್ಣುಗಳ ನಡುವಿನ ತಗ್ಗು ತೋರಿಸಿ, ಇದು ಅವಳಿಗೆ ಇಲ್ಲ ಅಂದೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಅಂತಲೂ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಷ್ಟು ಹೊತ್ತು ನಿಮ್ಮದೇ ಮಾತಾಡಿದೆವಲ್ರೀ. ಅವರನ್ನ ಕರ್ಕೊಂಡು ಬರಬೇಕಿತ್ತು ನೀವು."

ಆರ್‌ಎ ಫ್ಯಾಕ್ಟರ್ ಹಳೇ ಪರೀಕ್ಷೆ. ನಾರ್ವೆಯ ವಾಲರ್ ಅನ್ನುವವರು 1940ರಲ್ಲಿ ಕುರಿಯ ರಕ್ತಕಣ ಇಟ್ಟುಕೊಂಡು ಕಂಡುಕೊಂಡದ್ದು. ಸಂಧಿವಾತದ ರೋಗಿಯ ಸೀರಮ್ ಬೆರೆಸಿದರೆ ಆ ಕಣಗಳು ಗುಂಪುಗಟ್ಟುತ್ತಿದ್ದವು. ಹೆಸರಿನಲ್ಲಿ ಆರ್‌ಎ ಅಂತ ಇದೆ, ಹಾಗಾಗಿ ಅದೇ ಕೊನೆಯ ತೀರ್ಪು ಅಂತ ಜನ ತಿಳಿದುಕೊಂಡಿದ್ದಾರೆ. ನಿಜವಾಗಿ ಸಂಧಿವಾತ ಇರುವ ನೂರರಲ್ಲಿ 20-30 ಜನರಿಗೆ ಅದು ನೆಗೆಟಿವ್. ಅತ್ತ ಟಿಬಿ, ಕುಷ್ಠ, ಹೆಪಟೈಟಿಸ್ ಸಿ ಇದ್ದವರಿಗೆ, ಸುಮ್ಮನೆ ವಯಸ್ಸಾದವರಿಗೂ ಪಾಸಿಟಿವ್ ಬರುತ್ತದೆ. ನೆಗೆಟಿವ್ ಚೀಟಿ ದೇವರ ಮಾಡಿನಲ್ಲಿ ಇಡುವಷ್ಟು ನಂಬಿಕೆಯ ಕಾಗದ ಏನಲ್ಲ ಅದು.

ಮುಂದಿನ ಗುರುವಾರ ಚಿಕ್ಕಿ, ಚಿಕ್ಕಪ್ಪನನ್ನ ಕರೆದುಕೊಂಡು ಹೋದೆ. ಈ ಸಲ ಡಾಕ್ಟರು ಅವಳ ಅಂಗೈಯನ್ನ ಎರಡೂ ಬದಿಯಿಂದ, ಗೆಣ್ಣುಗಳ ಸಾಲಿಗೆ ಸರಿಯಾಗಿ, ಮೆಲ್ಲಗೆ ಹಿಂಡಿದರು. ನಿಂಬೆಹಣ್ಣು ಹಿಂಡುವಷ್ಟೂ ಜೋರಿಲ್ಲ. ಚಿಕ್ಕಿ "ಅಯ್ಯಮ್ಮಾ" ಅಂತ ಕೈ ಎಳೆದುಕೊಂಡಳು. ಪಾದಕ್ಕೂ ಹಾಗೇ ಮಾಡಿದರು, ಅಲ್ಲೂ ನೋವು. ಅವಳು ಒಂದು ವರ್ಷದಿಂದ ಚಪ್ಪಲಿ ಬದಲಿಸುತ್ತಲೇ ಇದ್ದಳು, ಚಪ್ಪಲಿಯದೇ ದೋಷ ಅಂತ.

ಆಮೇಲೆ ರಕ್ತ ತೆಗೆದರು. ಆಂಟಿ ಸಿಸಿಪಿ ಅನ್ನುವ ಪ್ರತಿಕಾಯ. 1998ರಲ್ಲಿ ನೆದರ್ಲೆಂಡ್ಸಿನವರು ಕಂಡುಹಿಡಿದು ಬೆಳೆಸಿದ ಪರೀಕ್ಷೆ. ಸಂಧಿವಾತ ಇಲ್ಲದವರಲ್ಲಿ ಇದು ಪಾಸಿಟಿವ್ ಬರುವುದು ಬಹಳ ಕಡಿಮೆ. ಚಿಕ್ಕಿಯದು ಭಾರಿ ಮೇಲಿತ್ತು. ಮೈಯೊಳಗಿನ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಎರಡೂ ಮೇಲೆ. ಎಕ್ಸ್‌ರೇಯಲ್ಲಿ ಎರಡು ಗೆಣ್ಣಿನ ಅಂಚು ಒರಲೆ ತಿಂದ ಹಾಗೆ ಸಣ್ಣಗೆ ಕಚ್ಚಿತ್ತು. ಇದೂ ನೆಗೆಟಿವ್ ಬಂದಿದ್ದರೂ ನಾನು ಔಷಧಿ ಶುರು ಮಾಡ್ತಿದ್ದೆ ಅಂದರು ಡಾಕ್ಟರು. ಎರಡೂ ನೆಗೆಟಿವ್ ಇರುವ ಸಂಧಿವಾತವೂ ಇರುತ್ತದೆ, ಕೈ ಸುಳ್ಳು ಹೇಳೋದಿಲ್ಲ. ಆ ಸವೆದ ಅಂಚು ಮತ್ತೆ ಬೆಳೆಯುವುದಿಲ್ಲ ಅಂತಲೂ ಅಂದರು. ಚಿಕ್ಕಪ್ಪ ಕಿಟಕಿ ಕಡೆ ನೋಡುತ್ತಾ ಕೂತರು.

ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ ಬರೆದರು. ಇದನ್ನ ದಪ್ಪಗೆ ಬರೆದುಕೊಳ್ಳಿ: ವಾರಕ್ಕೆ ಒಂದೇ ದಿನ. ಬಿಪಿ ಮಾತ್ರೆ ಥರ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಡಾಕ್ಟರು ಚೀಟಿಯ ಮೇಲೆ ಕನ್ನಡದಲ್ಲಿ 'ಬುಧವಾರ ಮಾತ್ರ' ಅಂತ ಬರೆದು, ಚಿಕ್ಕಿಯ ಹತ್ತಿರ ಎರಡು ಸಲ ಓದಿಸಿದರು. ಫೋಲಿಕ್ ಆಸಿಡ್ ಬೇರೆ ದಿನ. ಲಿವರ್, ರಕ್ತದ ಕಣ ನೋಡಲು ಆಗಾಗ ರಕ್ತ ಪರೀಕ್ಷೆ. ಚಿಕ್ಕಿಯ ಅಡಿಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಈಗ ಬುಧವಾರಗಳಿಗೆಲ್ಲ ಕೆಂಪು ಸುತ್ತು. ಏಕಾದಶಿ, ಸಂಕಷ್ಟಿಯ ಜೊತೆ ಇದೂ ಒಂದು ವ್ರತ.

ನನ್ನ ಪಿಡಿಎಫ್ ಇನ್ನೂ ಮೊಬೈಲಿನಲ್ಲಿದೆ. ಅಳಿಸಿಲ್ಲ. ಚಳಿಗಾಲದ ಬೆಳಿಗ್ಗೆ ತಣ್ಣೀರಿನಲ್ಲಿ ಬಟ್ಟೆ ಹಿಂಡಿದ ಮೇಲೆ ಬೆರಳ ತುದಿಯ ಬಣ್ಣ ನೋಡಿಕೊಳ್ಳುವ ಚಟ ಒಂದು ಅಂಟಿಕೊಂಡಿದೆ. ಬೆಳ್ಳಗಾಗಿಲ್ಲ. ಈ ವರ್ಷ ಕ್ಯಾಂಪಿನ ಫಾರ್ಮು ಮತ್ತೆ ಬಂತು. ಆ ಚೌಕ ಖಾಲಿ ಬಿಟ್ಟೆ.

ಮೊನ್ನೆ ದೀಪಾವಳಿಗೆ ಚಿಕ್ಕಿಯ ಮನೆಗೆ ಹೋಗಿದ್ದೆ. ಔಷಧಿ ಶುರುವಾಗಿ ಐದು ತಿಂಗಳು. ಬೆಳಿಗ್ಗೆ ಬಚ್ಚಲಮನೆಯಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಯಿಂದ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಆಕಳ ಒಂದು ಬದಿಗೆ ಚಿಕ್ಕಿ, ಇನ್ನೊಂದು ಬದಿಗೆ ಚಿಕ್ಕಪ್ಪ, ನಡುವೆ ತಂಬಿಗೆ. ಧಾರೆ ಮೊದಲಿನಷ್ಟು ಜೋರಿಲ್ಲ, ಆದರೆ ಎಳೆ ಕಡಿಯುತ್ತಿರಲಿಲ್ಲ.

"ಎರಡು ಮೊಲೆ ನಂದು, ಎರಡು ನಿನ್ನ ಚಿಕ್ಕಪ್ಪಂದು" ಅಂದಳು ಚಿಕ್ಕಿ, ತಲೆ ಎತ್ತದೆ. "ಅವ್ಕೆ ಇನ್ನೂ ಸಮಾ ಕರಿಯಲೆ ಬತ್ತಿಲ್ಲೆ."